ಸಿಂದಗಿಯ ಕೊನೆಯ ರೀಲು

ಡಬ್ಬಿಗಳು ಹನ್ನೆರಡು ಇದ್ದವು, ಬೇಕಾದದ್ದೂ ಹನ್ನೆರಡೇ. ಆದರೆ ಏಳನೆಯ ರೀಲು ಎಂದು ಗುರುತಿದ್ದದ್ದು ಎರಡು. ಹತ್ತನೆಯದು ಇರಲೇ ಇಲ್ಲ. ಇಂಡಿ ಊರಿನ ನಮ್ಮ ಟಾಕೀಜಿನ ಕ್ಯಾಬಿನ್ನಿನ ನೆಲದ ಮೇಲೆ ಅವನ್ನು ಸಾಲಾಗಿ ಇಟ್ಟುಕೊಂಡು ಕೂತೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಸಿನಿಮಾ ಓಡಿಸಿದ ನನಗೆ ಎಲ್ಲಿಂದ ಶುರು ಮಾಡಬೇಕೆಂಬುದೇ ತಿಳಿಯಲಿಲ್ಲ. ಒಂದೊಂದು ಡಬ್ಬಿಯ ಮುಚ್ಚಳ ತೆಗೆದಂತೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಳೆಯ ಫಿಲ್ಮ್ ಕೆಡಲು ಶುರುವಾದರೆ ಹೀಗೇ ಹುಳಿಯುತ್ತದೆ. ಒಂದು ರೀಲಿಗೆ ಹತ್ತಿದರೆ ಪಕ್ಕದ್ದಕ್ಕೂ ಹತ್ತುತ್ತದೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ನಮ್ಮ ಸಾವಕಾರರು, ಅಂದರೆ ಟಾಕೀಜಿನ ಮಾಲೀಕರು, ಮಾಳಿಗೆಯ ಮೇಲೆ ಛತ್ರಿ ಕೂಡಿಸಿ ಆಕಾಶದಿಂದ ಸಿನಿಮಾ ಇಳಿಸುವ ಹೊಸ ಮಷಿನ್ ತರಿಸುವವರಿದ್ದರು. ಅದನ್ನು ಫಿಟ್ ಮಾಡುವವರು ಹದಿನೈದು ದಿನದಲ್ಲಿ ಬರುವುದಿತ್ತು. ಅವರು ಬಂದರೆ ಕಾರ್ಬನ್ ಕಡ್ಡಿ ಉರಿಸಿ ರೀಲು ಓಡಿಸುವ ನನ್ನ ಎರಡೂ ಮಷಿನ್ನುಗಳು ಗುಜರಿಗೆ. ನನಗೆ ಗುಂಡಿ ಒತ್ತುವ ಕೆಲಸ ಉಳಿಯುತ್ತಿತ್ತು ಅನ್ನಿ. ಆದರೆ ಅದನ್ನು ಕೆಲಸ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಡ್ರಾಯಿಂಗ್ ಮಾಸ್ತರರು ಬಂದರು.

ಅವರು ಬಸವನ ಬಾಗೇವಾಡಿಯವರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಒಂದೇ ಒಂದು ಸಿನಿಮಾ ತೆಗೆದಿದ್ದರು, ಕಪ್ಪು ಬಿಳುಪಿನದು. ಅದರ ಕಥೆಯನ್ನು ಅವರೇ ಹೇಳಿದರು. ಅಣ್ಣ ತಮ್ಮ ಇಬ್ಬರೂ ಸೇರಿ ಬಾವಿ ತೋಡುತ್ತಾರೆ. ನೀರು ಬಿದ್ದಾಗ ಕೆಸರಿನಲ್ಲೇ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಮುಂದೆ ಅದೇ ನೀರಿನ ಪಾಳಿಗಾಗಿ ಜಗಳವಾಡಿ ದೂರಾಗುತ್ತಾರೆ. ಕೊನೆಗೆ ತಮ್ಮನಾದವನು ಜಗಳದಲ್ಲಿ ಗಾಯಗೊಂಡ ಕೈಗೆ ಪಟ್ಟಿ ಕಟ್ಟಿಕೊಂಡು ಒಬ್ಬನೇ ಬಾವಿಯ ದಂಡೆಯ ಮೇಲೆ ಕೂಡುತ್ತಾನೆ. ಹಗ್ಗವಿಲ್ಲದ ರಾಟೆ ಗಾಳಿಗೆ ತೂಗಾಡುತ್ತ ಒಂದು ನಿಮಿಷ ಕಿರುಗುಡುತ್ತದೆ. ಅಲ್ಲಿಗೆ ಮುಗಿಯಿತು.

ದೂರದ ಊರಿನ ಒಂದು ಚಿತ್ರ ಸಂಗ್ರಹಾಲಯದಿಂದ ಅವರಿಗೆ ಕಾಗದ ಬಂದಿತ್ತು. ಪ್ರಿಂಟ್ ಕಳಿಸಿದರೆ ತಂಪು ಕೋಣೆಯಲ್ಲಿ ಇಟ್ಟು ಕಾಪಾಡುತ್ತೇವೆ, ಪ್ರತಿ ತೆಗೆಸುತ್ತೇವೆ ಎಂದಿದ್ದರು. ಆದರೆ ರೀಲುಗಳು ಸ್ವಚ್ಛವಾಗಿ, ಸರಿಯಾದ ಕ್ರಮದಲ್ಲಿ ಇರಬೇಕು. ಪ್ರತಿ ರೀಲಿನ ಉದ್ದ, ಜಾಯಿಂಟುಗಳ, ಅಂದರೆ ಫಿಲ್ಮ್ ಕೊಯ್ದು ಅಂಟಿಸಿದ ಜಾಗಗಳ ಎಣಿಕೆ, ಗೀರುಗಳು ಎಲ್ಲವನ್ನೂ ಅವರು ಕಳಿಸಿದ ಅಚ್ಚಿನ ತಖ್ತೆಯಲ್ಲಿ ತುಂಬಬೇಕು. ಕೊನೆಯಲ್ಲಿ ‘ಇದು ನನ್ನ ಚಿತ್ರದ ನಿಜವಾದ ರೂಪ’ ಎಂಬ ಸಾಲಿನ ಕೆಳಗೆ ಮಾಸ್ತರರ ಸಹಿ ಬೇಕು. ನೆಗೆಟಿವ್ ಎಂದೋ ಹಾಳಾಗಿತ್ತು. ಜಗತ್ತಿನಲ್ಲಿ ಉಳಿದದ್ದು ಈ ಒಂದೇ ಪ್ರಿಂಟ್, ಅದೂ ನಾಲ್ಕು ಊರುಗಳಲ್ಲಿ ಹಂಚಿಹೋಗಿತ್ತು.

“ತಮ್ಮಾ, ಈ ಸಿನಿಮಾ ನಾ ಮಾಡಿದಂಗ ನಾ ಒಮ್ಮಿನ ನೋಡೇನಿ, ಮದ್ರಾಸಿನ ಲ್ಯಾಬಿನ್ಯಾಗ,” ಎಂದರು ಮಾಸ್ತರರು. “ಮುದ್ದೇಬಿಹಾಳದಾಗ ಹಚ್ಚಿದಾಗ ಹೋಗಿದ್ದೆ. ಮಂದಿಗೆ ಕಡೀ ಬಸ್ ತಪ್ತೈತಿ ಅಂತ ಅಲ್ಲಿ ಆಪರೇಟರ ಮೂರು ಸೀನ್ ನುಂಗಿದ್ದ. ನಡುವ ಎದ್ದು ಬಂದೆ. ಆಮ್ಯಾಲ ಎಲ್ಲಿನೂ ನೋಡ್ಲಿಲ್ಲ. ಸಾಯೂದ್ರಾಗ ಒಮ್ಮಿ ಸರಿಯಾಗಿ ನೋಡಬೇಕು, ಅಷ್ಟ.”

“ಸಿಂದಗಿಯಾಗ ಮೂರು ವಾರ ಓಡೈತಲ್ರಿ ಸರ,” ಎಂದೆ. “ಅಲ್ಲಿ ಟೆಂಟ್ ಟಾಕೀಜಿನ್ಯಾಗ ಓಡಿಸಿದಾಂವ ನಾನರಿ.”

ಮಾಸ್ತರರು ನನ್ನ ಕೈ ಹಿಡಿದುಕೊಂಡರು. “ಸಿಂದಗಿ ಮಂದಿಗೆ ಸಿನಿಮಾ ತಿಳೀತೈತಿ ನೋಡು. ಎಲ್ಲೂ ಓಡಲಾರದ್ದು ಅಲ್ಲಿ ಓಡಿತು. ಇಷ್ಟ ವರ್ಷ ಎಲ್ಲಾರ ಮುಂದ ಇದನ್ನ ಹೇಳಾಕತ್ತೇನಿ. ಹಂಗಾರ ಈ ಕೆಲಸ ನೀನ ಮಾಡಬೇಕು.”

ನನಗೂ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ನನ್ನಂತೆ ಜಾಯಿಂಟ್ ಹಾಕುವವರು ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದವನು. ಬೇರೆಯವರು ಫಿಲ್ಮನ್ನು ಹರಿದು ಅಂಟಿಸುತ್ತಿದ್ದರು. ನಾನು ಒಂದು ಚಿತ್ರದ ಚೌಕ ಮುಗಿದು ಇನ್ನೊಂದು ಶುರುವಾಗುವ ಗೆರೆಯ ಮೇಲೇ ಕೊಯ್ದು, ಅರ್ಧ ಬ್ಲೇಡಿನಿಂದ ಹದವಾಗಿ ಕೆರೆದು ಫಿಲ್ಮ್ ಅಂಟಿಸುವ ಸಿಮೆಂಟ್ ಹಚ್ಚುತ್ತಿದ್ದೆ. ಕೆಲಸ ಒಪ್ಪಿಕೊಂಡೆ.

ನಾಲ್ಕು ಡಬ್ಬಿ ಮಾಸ್ತರರ ಮನೆಯಲ್ಲಿದ್ದವು, ಮೂರು ನಮ್ಮ ಟಾಕೀಜಿನ ಹಳೆಯ ಕೋಣೆಯಲ್ಲಿ ಸಿಕ್ಕವು. ಮೂರು ಮುದ್ದೇಬಿಹಾಳದಿಂದ ತಂದೆ. ಅಲ್ಲಿ ಒಂದು ಡಬ್ಬಿಯ ಮುಚ್ಚಳ ಹಿಟ್ಟಿನ ಡಬ್ಬಿಯ ಮೇಲೆ ಕೂತಿತ್ತು, ಅದನ್ನು ಬಿಟ್ಟುಕೊಡಲು ಮನೆಯ ಹೆಣ್ಣುಮಗಳು ನನ್ನ ಜೊತೆ ಜಗಳಕ್ಕೇ ನಿಂತಳು. ಉಳಿದ ಎರಡು ಸಿಂದಗಿಯಲ್ಲಿ, ನಮ್ಮ ಹಳೆಯ ಟೆಂಟಿನ ಗೇಟ್‌ಕೀಪರನ ಮನೆಯ ಅಟ್ಟದ ಮೇಲೆ. ಹಣ್ಣು ಹಣ್ಣು ಮುದುಕನಾಗಿದ್ದ. ನನ್ನನ್ನು ಗುರುತು ಹಿಡಿದು ಚಹಾ ಕೊಟ್ಟ.

“ಎಂಥಾ ಸಿನಿಮಾ ಅದು! ಕಡೀಕ ಅಣ್ತಮ್ಮ ಅಪ್ಕೊಂತಾರ ನೋಡು, ಹೆಣ್ಮಕ್ಕಳೆಲ್ಲಾ ಸೆರಗ ಕಣ್ಣಿಗೆ ಹಚ್ಚಿದ್ರು. ನಾನೂ ಅತ್ತೇನಿ,” ಎಂದ.

“ಕಡೀಕ ಅಲ್ಲೋ ಕಾಕಾ, ಅದು ಮೊದಲ ಬರ್ತೈತಿ. ಕಡೀಕ ರಾಟಿ.”

“ಯಾ ರಾಟಿ? ನಾ ದಿನಾ ಬಾಗಲದಾಗ ನಿಂತು ನೋಡೇನಿ, ನೀ ನನಗ ಹೇಳಾಕ ಬರ್ತಿ?”

ವಯಸ್ಸಾಗಿದೆ, ಯಾವುದೋ ಸಿನಿಮಾಕ್ಕೆ ಯಾವುದನ್ನೋ ಕೂಡಿಸಿಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ನಕ್ಕು ಡಬ್ಬಿಗಳನ್ನು ಬಸ್ಸಿಗೆ ಹಾಕಿದೆ.

ಎರಡು ‘ಏಳು’ ಹೇಗಾದವು ಎಂಬುದು ಮೊದಲ ದಿನವೇ ತಿಳಿಯಿತು. ಟೆಂಟುಗಳಲ್ಲಿ ಇರುತ್ತಿದ್ದದ್ದು ಒಂದೇ ಮಷಿನ್. ರೀಲು ಮುಗಿದಾಗಲೆಲ್ಲ ಲೈಟ್ ಹಾಕಿದರೆ ಮಂದಿ ಗದ್ದಲ ಮಾಡುತ್ತಾರೆಂದು ಎರಡೆರಡು ರೀಲು ಕೂಡಿಸಿ ದೊಡ್ಡ ಚಕ್ರಕ್ಕೆ ಸುತ್ತಿಕೊಳ್ಳುತ್ತಿದ್ದೆವು. ಆಗ ನಡುವೆ ಬರುವ ನಂಬರಿನ ಪಟ್ಟಿಯನ್ನು ಕತ್ತರಿಸಿ ಮೊಳೆಗೆ ತೂಗುಹಾಕುವುದು, ಪ್ರಿಂಟ್ ಮುಂದಿನ ಊರಿಗೆ ಹೊರಡುವಾಗ ಮತ್ತೆ ಅಂಟಿಸುವುದು ವಾಡಿಕೆ. ಗಡಿಬಿಡಿಯಲ್ಲಿ ಯಾರದೋ ಪಟ್ಟಿ ಯಾರಿಗೋ ಹೋಗುತ್ತಿತ್ತು. ಬೇರೆ ಯಾವುದೋ ಚಿತ್ರದ ಏಳನೆಯ ಪಟ್ಟಿ ಈ ಚಿತ್ರದ ಹತ್ತನೆಯ ರೀಲಿಗೆ ಬಂದಿತ್ತು. ಜಗಳದ ದೃಶ್ಯ ಅದರಲ್ಲಿ ಇದ್ದುದರಿಂದ ಅದರ ಜಾಗ ಗೊತ್ತಾಯಿತು.

ಒಂದು ಗೋಜಲು ಬಿಡಿಸಿದೆ ಎನ್ನುವಷ್ಟರಲ್ಲಿ ಇನ್ನೊಂದು. ಬೆಳಿಗ್ಗೆ ಎಂಟಕ್ಕೆ ಕ್ಯಾಬಿನ್ನಿಗೆ ಬಂದು ಮ್ಯಾಟಿನಿಯ ಹೊತ್ತಿನವರೆಗೆ ಕೂಡುತ್ತಿದ್ದೆ. ರಿವೈಂಡರನ್ನು ಎಡಗೈಯಿಂದ ಮೆಲ್ಲಗೆ ತಿರುಗಿಸುತ್ತ, ಬಲಗೈಯ ಎರಡು ಬೆರಳ ನಡುವೆ ಮಖಮಲ್ಲಿನ ಬಟ್ಟೆ ಹಿಡಿದು ಅದರೊಳಗೆ ಫಿಲ್ಮ್ ಹಾಯಿಸಬೇಕು. ಫಿಲ್ಮಿನ ಅಂಚಿನ ತೂತು ಹರಿದಿದ್ದರೆ, ಜಾಯಿಂಟ್ ಎದ್ದಿದ್ದರೆ ಬೆರಳಿಗೆ ತಾಕುತ್ತದೆ. ಅಲ್ಲಿ ನಿಲ್ಲಿಸಿ ಸರಿಮಾಡಿ ತಖ್ತೆಯಲ್ಲಿ ಬರೆಯಬೇಕು. ಪ್ರತಿ ರೀಲಿನ ಆರಂಭಕ್ಕೆ ಯಾರೋ ಯಾವುದೋ ಗೀರುಬಿದ್ದ ತುಂಡು ಅಂಟಿಸಿದ್ದರು. ಮಷಿನ್ನಿಗೆ ಹಾಕುವಾಗ ರೀಲಿನ ತುದಿ ಹಾಳಾಗದಿರಲೆಂದು ಹೀಗೆ ಬೇಡವಾದ ಫಿಲ್ಮನ್ನು ಮುಂದೆ ಅಂಟಿಸುವುದುಂಟು. ಅವನ್ನೆಲ್ಲ ಕಿತ್ತು ಕಸದ ಚೀಲಕ್ಕೆ ಎಸೆದೆ.

ನಾಲ್ಕನೆಯ ರೀಲು ಒಣಗಿ ಕುಗ್ಗಿತ್ತು. ತೂತುಗಳು ಮಷಿನ್ನಿನ ಹಲ್ಲಿಗೆ ಕೂಡಲೊಲ್ಲವು; ಪರೀಕ್ಷೆಗೆಂದು ಓಡಿಸಿದರೆ ಪಟ್ಟನೆ ಹರಿಯಿತು, ಎರಡು ಚೌಕ ಹಾಳಾದವು. ಅವತ್ತು ಊಟ ಸೇರಲಿಲ್ಲ. ಎರಡು ದಿನ ಆ ರೀಲನ್ನು ಸಡಿಲವಾಗಿ ಸುತ್ತಿ, ಒದ್ದೆ ಬಟ್ಟೆ ಹಾಸಿದ ದೊಡ್ಡ ಡಬ್ಬಿಯಲ್ಲಿ ನೀರು ತಾಕದಂತೆ ಎತ್ತರಕ್ಕೆ ಇಟ್ಟೆ. ಆಮೇಲೆ ಹಲ್ಲಿಗೆ ಕೂತಿತು.

ಹನ್ನೆರಡನೆಯ ರೀಲಿಗೆ ಬಂದಾಗ ಒಂಬತ್ತು ದಿನ ಕಳೆದಿದ್ದವು. ಬೆಳಕಿನ ಗಾಜಿನ ಮೇಲೆ ಅದರ ತುದಿ ನೋಡುತ್ತೇನೆ, ಕೈಗೆ ಪಟ್ಟಿ ಕಟ್ಟಿಕೊಂಡ ತಮ್ಮ ಬಾವಿಯ ದಂಡೆಯ ಮೇಲೆ ಕೂತಿದ್ದಾನೆ. ಅಲ್ಲಿ ಒಂದು ಜಾಯಿಂಟ್. ಅದರ ಮುಂದೆ ರಾಟೆ ಇರಲಿಲ್ಲ. ಕೆಸರು ಮೆತ್ತಿದ ಅಣ್ಣ ತಮ್ಮ ಅಪ್ಪಿಕೊಂಡು ನಗುತ್ತಿದ್ದರು. ತಮ್ಮನ ಕೈಯಲ್ಲಿ ಪಟ್ಟಿಯೂ ಇಲ್ಲ.

ಗೇಟ್‌ಕೀಪರ ಮುದುಕ ಹೇಳಿದ್ದು ನೆನಪಾಯಿತು. ಮಾಸ್ತರರು ಹೇಳಿದ್ದು ಸರಿಯೋ, ಇವನು ಹೇಳಿದ್ದೋ? ಮಾಸ್ತರರೂ ಎಪ್ಪತ್ತರ ಹತ್ತಿರದವರು. ಒಮ್ಮೆ ಮಾತ್ರ ನೋಡಿದ ಸಿನಿಮಾ. ಅವರೇ ಮರೆತಿದ್ದರೆ? ದೃಶ್ಯಗಳ ಕ್ರಮ ಬರೆದಿಟ್ಟ ಅವರ ಪುಸ್ತಕವನ್ನು ಗೆದ್ದಲು ತಿಂದಿತ್ತು. ಕಾಗದದಲ್ಲಿ ಸಾಕ್ಷಿಯಿಲ್ಲ, ಮನುಷ್ಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು. ಫಿಲ್ಮನ್ನೇ ಕೇಳಬೇಕು ಅನ್ನಿಸಿತು.

ಫಿಲ್ಮನ್ನು ಕೇಳುವುದಕ್ಕೆ ಒಂದು ದಾರಿಯಿದೆ. ಅದರ ಅಂಚಿನಲ್ಲಿ ಧ್ವನಿಯ ಗೆರೆ ಇರುತ್ತದೆ. ಆದರೆ ಒಂದು ಚಿತ್ರದ ಧ್ವನಿ ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ. ಇಪ್ಪತ್ತೊಂದು ಚೌಕ ಮೊದಲೇ, ಹತ್ತಿರ ಹತ್ತಿರ ಒಂದು ಮೊಳ ಮುಂಚೆ ಅಚ್ಚಾಗಿರುತ್ತದೆ. ಮಷಿನ್ನಿನಲ್ಲಿ ಚಿತ್ರದ ಕಿಟಕಿಗೂ ಧ್ವನಿ ಓದುವ ದೀಪಕ್ಕೂ ಅಷ್ಟು ಅಂತರ ಇರುವುದೇ ಅದಕ್ಕೆ ಕಾರಣ. ಹಾಗಾಗಿ ಯಾರಾದರೂ ಒಂದು ದೃಶ್ಯವನ್ನು ಕತ್ತರಿಸಿ ತೆಗೆದರೆ ಚಿತ್ರ ಪೂರ್ತಿ ಹೋಗುತ್ತದೆ, ಅದರ ಮೊದಲ ಒಂದು ಸೆಕೆಂಡಿನ ಧ್ವನಿ ಮಾತ್ರ ಹಿಂದಿನ ದೃಶ್ಯದ ಬಾಲದಲ್ಲಿ ಉಳಿದುಬಿಡುತ್ತದೆ.

ರೀಲನ್ನು ಮಷಿನ್ನಿಗೆ ಹಾಕಿ ಆ ಜಾಯಿಂಟ್ ದಾಟಿಸಿದೆ. ಪರದೆಯ ಮೇಲೆ ಅಣ್ಣ ತಮ್ಮ ಅಪ್ಪಿಕೊಂಡರು. ಸ್ಪೀಕರಿನಲ್ಲಿ ‘ಕಿರ್ರ್’ ಎಂದಿತು. ಮತ್ತೆ ಹಿಂದಕ್ಕೆ ಸುತ್ತಿ ಕೇಳಿದೆ, ಮತ್ತೆ ಕಿರ್ರ್. ಒಂದು ಸೆಕೆಂಡೂ ಪೂರ್ತಿ ಇಲ್ಲ, ಆದರೆ ಅದು ರಾಟೆಯೇ. ಎರಡನೆಯ ರೀಲಿನಲ್ಲಿ ಬಾವಿಗೆ ನೀರು ಬೀಳುವ ಜಾಗ ಹುಡುಕಿದೆ. ಅಲ್ಲಿಯೂ ಒಂದು ಜಾಯಿಂಟ್ ಇತ್ತು. ನೀರು ಚಿಮ್ಮಿದ ಕೂಡಲೇ ಚಿತ್ರ ಹೊಲದ ಬೆಳೆಗೆ ಜಿಗಿಯುತ್ತದೆ. ಜೋಳದ ತೆನೆಗಳ ಮೇಲೆ ಇಬ್ಬರು ಗಂಡಸರ ನಗು ಒಂದು ಕ್ಷಣ ಕೇಳಿಸಿ ನಿಲ್ಲುತ್ತದೆ. ಮಾಸ್ತರರ ನೆನಪೇ ಸರಿ. ಅಪ್ಪಿಕೊಳ್ಳುವ ದೃಶ್ಯವನ್ನು ಇಲ್ಲಿಂದ ಕೊಯ್ದು ಯಾರೋ ಕೊನೆಗೆ ಅಂಟಿಸಿದ್ದಾರೆ.

ಯಾವ ಕಟುಕನ ಕೆಲಸ ಇದು ಎಂದು ಬೈಯುತ್ತಲೇ ಜಾಯಿಂಟಿನ ಮೇಲೆ ಭೂತಗನ್ನಡಿ ಇಟ್ಟೆ. ಚೌಕದ ಗೆರೆಯ ಮೇಲೇ ಕೊಯ್ದ ಕೈ. ತೂತುಗಳ ಹೊರಗಿನ ಅಂಚಿನಲ್ಲಿ ಓರೆಯಾಗಿ ಮೂರು ಸಣ್ಣ ಗೀರು.

ಆ ಮೂರು ಗೀರು ನನ್ನವು. ನನ್ನ ಜಾಯಿಂಟನ್ನು ಬೇರೆಯವರು ತಮ್ಮದೆನ್ನಬಾರದೆಂದು ಹರೆಯದಲ್ಲಿ ಹಾಕುತ್ತಿದ್ದ ಗುರುತು.

ಆಗ ಒಂದೊಂದಾಗಿ ನೆನಪಾಯಿತು. ಸಿಂದಗಿಯ ಟೆಂಟಿನಲ್ಲಿ ಮೊದಲ ಆಟ ಮುಗಿದಾಗ ಒಬ್ಬರೂ ಎದ್ದಿರಲಿಲ್ಲ. ಜಗಳವಾಡಿದ ಅಣ್ಣ ತಮ್ಮ ಕೂಡದೆ ಸಿನಿಮಾ ಮುಗಿಯುವುದಾದರೂ ಹೇಗೆ? ಆಪರೇಟರ್ ಬೇಗ ಮನೆಗೆ ಹೋಗಲು ಕೊನೆಯ ರೀಲು ನುಂಗಿದ್ದಾನೆ ಎಂದು ಅವರ ಲೆಕ್ಕ. ಹಾಗೆ ನುಂಗುವವರು ಇದ್ದರು ಬೇರೆ. “ರೀಲ್ ಹಚ್ಚಲೇ!” ಎಂದು ಕ್ಯಾಬಿನ್ನಿನ ತಗಡು ಬಡಿದರು. ಡಬ್ಬಿ ತೋರಿಸಿದರೂ ನಂಬಲಿಲ್ಲ. ಮರುದಿನ ಟೆಂಟಿನ ಮಾಲೀಕ ಹೇಳಿದ, “ಅವರಿಗೇನ್ ಬೇಕೋ ಅದನ್ನ ಮಾಡಿ ಮುಗಸು ಮಾರಾಯಾ.” ನಾನು ಅಪ್ಪಿಕೊಳ್ಳುವುದನ್ನು ತೆಗೆದು ಕೊನೆಗೆ ಹಾಕಿದೆ. ಮೂರು ವಾರ ಟೆಂಟ್ ತುಂಬಿತು. ಕೈಯ ಪಟ್ಟಿ ಎಲ್ಲಿ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ. ವರ್ಷಕ್ಕೆ ಹತ್ತಾರು ಚಿತ್ರಗಳನ್ನು ಕೊಯ್ಯುತ್ತಿದ್ದ ನಾನು ಅದನ್ನು ಮರೆತೇಬಿಟ್ಟಿದ್ದೆ.

ಹಾಗಾದರೆ ತೆಗೆದ ರಾಟೆಯ ದೃಶ್ಯ ಎಲ್ಲಿ ಹೋಯಿತು? ತಟ್ಟನೆ ಹೊಳೆದು ಕಸದ ಚೀಲಕ್ಕೆ ಕೈ ಹಾಕಿದೆ. ರೀಲುಗಳ ಮುಂದಿನಿಂದ ನಾನು ಕಿತ್ತೆಸೆದ ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಗೀರುಗಳ ಹಿಂದೆ ರಾಟೆ ಇತ್ತು. ರಾಟೆ ತೂಗುವುದು ಬಿಟ್ಟರೆ ಏನೂ ಇಲ್ಲದ ಚಿತ್ರ, ರೀಲಿನ ಮುಂದಿನ ತುಂಡಿಗೆ ಇದಕ್ಕಿಂತ ಚಲೋದು ಯಾವುದಿದೆ ಎಂದು ಅಂದು ಚೂರು ಮಾಡಿ ಎಲ್ಲದಕ್ಕೂ ಅಂಟಿಸಿದವನು ನಾನೇ. ಮಾಸ್ತರರ ಸಿನಿಮಾದ ಕೊನೆ ಅದೇ ಸಿನಿಮಾದ ಮೂತಿಗೆ ಬಿದ್ದು ಮಷಿನ್ನಿನ ಹಲ್ಲಿಗೆ ಸಿಕ್ಕು ಸವೆದಿತ್ತು. ಎರಡು ದಿನ ಕೂತು, ಗೀರುಗಳ ಗುರುತು ಹಿಡಿದು ತುಂಡಿಗೆ ತುಂಡು ಜೋಡಿಸಿದೆ. ಅರ್ಧ ನಿಮಿಷದಷ್ಟು ಉಳಿದಿತ್ತು.

ಪರೀಕ್ಷೆಯ ಆಟಕ್ಕೆ ಮಾಸ್ತರರನ್ನು ಬೆಳಿಗ್ಗೆಯೇ ಕರೆಸಿದೆ. ಸಿಮೆಂಟಿನ ಜಾಯಿಂಟ್ ಹಾಕಿದರೆ ಪ್ರತಿ ಸಲ ಒಂದು ಚೌಕ ಹೋಗುತ್ತದೆ. ಅದಕ್ಕೇ ಸದ್ಯಕ್ಕೆ ಟೇಪ್ ಹಚ್ಚಿ ಅಪ್ಪಿಕೊಳ್ಳುವುದನ್ನು ಎರಡನೆಯ ರೀಲಿಗೂ ರಾಟೆಯನ್ನು ಕೊನೆಗೂ ಸೇರಿಸಿದ್ದೆ. ಛತ್ರಿ ಫಿಟ್ ಮಾಡುವವರು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಬಂದು ಮಾಳಿಗೆಯ ಮೇಲೆ ಡ್ರಿಲ್ ಹೊಡೆಯುತ್ತಿದ್ದರು. ಸಾವಕಾರರ ಕೈಕಾಲು ಹಿಡಿದು, ನನ್ನ ಮಷಿನ್ ಬಿಚ್ಚದಂತೆ ಮಧ್ಯಾಹ್ನದವರೆಗೆ ಬಿಡುವು ಪಡೆದಿದ್ದೆ. ಖಾಲಿ ಟಾಕೀಜಿನ ನಡುವೆ ಮಾಸ್ತರರು ಒಬ್ಬರೇ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ತಾಸು ಅಲ್ಲಾಡಲಿಲ್ಲ. ರಾಟೆ ತೂಗಿ ನಿಂತಿತು. ಲೈಟ್ ಹಾಕಿ ಕೆಳಗಿಳಿದೆ.

ಅವರ ಕಣ್ಣು ಒದ್ದೆಯಾಗಿದ್ದವು. “ಇದ ನೋಡು ತಮ್ಮಾ. ಇದ ನನ್ನ ಸಿನಿಮಾ,” ಎಂದರು. “ನಿನಗೊಂದು ಹೇಳ್ತೇನಿ ಕೇಳು. ಇದು ನಮ್ಮ ಮನಿದ ಕಥಿ. ಆ ಬಾವಿ ನಮ್ಮದ, ಆ ರಾಟಿ ನಮ್ಮದ. ಅಣ್ಣನ ಮ್ಯಾಲಿನ ಸಿಟ್ಟಿಗೆ ಮಾಡಿದ ಸಿನಿಮಾ ಇದು. ನೀ ನನ್ನ ಒಬ್ಬಾವನ್ನ ಬಿಟ್ಟು ಹೋದಿ ಅಂತ ಅವಗ ತೋರಸಬೇಕಿತ್ತು.”

ಅಣ್ಣ ಸಿಂದಗಿಯ ಕಡೆಯ ಹಳ್ಳಿಯಲ್ಲಿದ್ದನಂತೆ. ಆರು ವರ್ಷ ಮಾತಿರಲಿಲ್ಲ. ಟೆಂಟಿನಲ್ಲಿ ಈ ಚಿತ್ರ ಓಡುತ್ತಿದ್ದ ದಿನಗಳಲ್ಲಿ ಒಂದು ಮುಂಜಾನೆ ಮೊದಲ ಬಸ್ಸಿಗೆ ಬಾಗೇವಾಡಿಗೆ ಬಂದು ಬಾಗಿಲಲ್ಲಿ ನಿಂತ. “ನೋಡಿ ಬಂದೆ,” ಎಂದನಂತೆ, ಅಷ್ಟೇ. ಅವತ್ತು ಕೂಡಿ ಉಂಡವರು ಅವನು ತೀರಿಕೊಳ್ಳುವವರೆಗೆ ಮತ್ತೆ ದೂರಾಗಲಿಲ್ಲ.

“ಈ ರಾಟಿ ನೋಡಿ ಅವಗ ತನ್ನ ತಪ್ಪು ತಿಳೀತು,” ಎಂದರು ಮಾಸ್ತರರು. ಆಮೇಲೆ ಪರದೆಯ ಕಡೆ ತಿರುಗಿದರು. “ಆದ್ರ ಒಂದು ತಿಳೀಲಿಲ್ಲ ನೋಡು. ಸಾಯೂತನಕಾ ಅಂವ ಒಮ್ಮಿನೂ ರಾಟಿ ಮಾತ ತಗೀಲಿಲ್ಲ. ‘ಆ ಅಪ್ಕೊಳ್ಳೂದು ಭಾಳ ಚಲೋ ಮಾಡಿದಿ’ ಅಂತಿದ್ದ, ಯಾವಾಗಲೂ ಅದನ್ನ. ಅದು ಎರಡನೇ ರೀಲಿನ್ಯಾಗ ಹೋಗಿಬಿಡ್ತೈತಿ. ಯಾಕ ಹಂಗಂತಿದ್ದ?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಿತ್ರ ಅವರು ಮಾಡಿದಂತೆಯೇ ಆಗಿತ್ತು, ಸಹಿಯೊಂದೇ ಬಾಕಿ. ಹೇಳಿದರೆ ಅವರಿಂದ ಏನು ಕಸಿದುಕೊಳ್ಳುತ್ತೇನೆ, ಏನು ಕೊಡುತ್ತೇನೆ ಎಂಬುದೇ ನನಗೆ ಬಗೆಹರಿಯಲಿಲ್ಲ. ಭೂತಗನ್ನಡಿಯ ಅಡಿಯಲ್ಲಿ ಕಂಡ ಗೀರುಗಳು ಕಣ್ಣ ಮುಂದೆ ಬಂದವು. ಮೇಲೆ ಡ್ರಿಲ್ ಸದ್ದು ನಿಂತಾಗ ಮಾತು ತಾನಾಗಿ ಹೊರಬಿತ್ತು.

“ಸರ, ಸಿಂದಗಿಯಾಗ ಅದು ಕಡೀಕ ಇತ್ರಿ. ರಾಟಿ ಅಲ್ಲಿ ಯಾರೂ ನೋಡಿಲ್ರಿ. ನಾನ ಕೊಯ್ದು ಹಚ್ಚಿದ್ದೆ.”

ತಗಡು ಬಡಿದದ್ದು, ಮಾಲೀಕ ಹೇಳಿದ್ದು, ಮೂರು ಗೀರು, ಕಸದ ಚೀಲ, ಒಂದನ್ನೂ ಬಿಡದೆ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಹೊಡೆದಿದ್ದರೂ ಚೆನ್ನಾಗಿತ್ತು.

“ಮತ್ತ ನಾ ಇಷ್ಟ ವರ್ಷ ಸಿಂದಗಿ ಮಂದೀನ ಹೊಗಳಿದ್ದು?” ಎಂದರು ಕೊನೆಗೆ. ನಕ್ಕರೋ ಏನೋ, ತಿಳಿಯಲಿಲ್ಲ. “ಅಣ್ಣ ನೋಡಿದ್ದನ್ನ ನನಗ ತೋರಸು.”

ಸಾವಕಾರರು ಬಾಗಿಲಲ್ಲಿ ಬಂದು ಗಡಿಯಾರ ತೋರಿಸಿ, ಮಾಸ್ತರರ ಮುಖ ನೋಡಿ ಸುಮ್ಮನೆ ಹೋದರು. ಟೇಪ್ ಬಿಚ್ಚಿ ರಾಟೆಯನ್ನು ತೆಗೆದು ಅಪ್ಪಿಕೊಳ್ಳುವುದನ್ನು ಮತ್ತೆ ಹನ್ನೆರಡನೆಯ ರೀಲಿನ ಕೊನೆಗೆ ಹಾಕಿದೆ. ಆ ರೀಲೊಂದನ್ನೇ ಓಡಿಸಿದೆ. ತಮ್ಮ ಒಬ್ಬನೇ ಕೂತ, ಕೆಸರಿನಲ್ಲಿ ಇಬ್ಬರೂ ಅಪ್ಪಿಕೊಂಡರು, ಕಿರ್ರ್ ಎಂದಿತು. ಬಿಳಿಯ ಪರದೆ ಉಳಿಯಿತು.

ಮಾಸ್ತರರು ತಾವೇ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಬಂದರು. ಸ್ಟೂಲಿನ ಮೇಲೆ ಕೂತರು.

“ಅಂದ್ರ ಅಂವ ತಪ್ಪು ಒಪ್ಕೊಂಡು ಬಂದಿದ್ದಿಲ್ಲ. ತಮ್ಮ ಕರದಾನ ಅಂತ ಬಂದಿದ್ದ. ನಾ ಹುಚ್ಚ, ಕ್ಷಮಾ ಮಾಡಿದಾಂವ ನಾನು ಅಂತ ಇಷ್ಟ ವರ್ಷ ಅವನ ಮುಂದ ಎದಿ ಸೆಟಿಸಿ ಅಡ್ಡಾಡಿದೆ. ಅಂವ ಒಂದ ದಿನನೂ ಏನೂ ಅನ್ನಲಿಲ್ಲ.”

“ತಪ್ಪಾತ್ರಿ ಸರ,” ಎಂದೆ. ಯಾವುದು ತಪ್ಪು, ಅಂದು ಕೊಯ್ದದ್ದೋ ಇಂದು ಹೇಳಿದ್ದೋ, ನನಗೇ ಗೊತ್ತಿರಲಿಲ್ಲ.

ತಖ್ತೆಯನ್ನು ಮುಂದಿಟ್ಟೆ. “ಎರಡನೇ ರೀಲಿಗೆ ವಾಪಸ್ ಹಾಕಿ ಸಿಮೆಂಟ್ ಹಚ್ಚತೇನ್ರಿ. ನೀವು ಮಾಡಿದಂಗ.”

“ಬ್ಯಾಡ. ಈಗ ಹೆಂಗೈತಿ ಹಂಗ ಇರ್ಲಿ. ರಾಟಿ ತುಂಡು ಬ್ಯಾರೆ ಡಬ್ಬ್ಯಾಗ ಹಾಕು, ಅದರ ಮ್ಯಾಲ ಇದು ಮೊದಲಿನ ಕೊನಿ ಅಂತ ಬರಿ. ಅದರ ಜಾಗಾನೂ ಬರಿ.” ಪೆನ್ನು ತೆಗೆದು ‘ನನ್ನ ಚಿತ್ರದ ನಿಜವಾದ ರೂಪ’ ಎಂಬುದನ್ನು ಒಂದು ಗೆರೆಯಿಂದ ಹೊಡೆದುಹಾಕಿದರು. ಅದರ ಕೆಳಗೆ ಡ್ರಾಯಿಂಗ್ ಮಾಸ್ತರರ ದುಂಡನೆಯ ಅಕ್ಷರದಲ್ಲಿ ‘ಇದು ನಮ್ಮ ಅಣ್ಣ ನೋಡಿದ್ದು’ ಎಂದು ಬರೆದು ಸಹಿ ಮಾಡಿದರು. ಸಂಗ್ರಹಾಲಯದವರು ಒಪ್ಪುತ್ತಾರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಮುಂದೆ ಅವರು ಡಬ್ಬಿಗಳು ಮುಟ್ಟಿದವೆಂದು ಕಾಗದ ಬರೆದರು, ಆ ಸಾಲಿನ ಮಾತೆತ್ತಲಿಲ್ಲ.

ಟೇಪ್ ಬಿಚ್ಚಿ ಜಾಯಿಂಟನ್ನು ಸಿಮೆಂಟಿನಿಂದ ಪಕ್ಕಾ ಮಾಡಲು ಕೂತೆ. ಹಳೆಯ ಗೀರುಗಳಿದ್ದ ಚೌಕ ಈ ಸಲ ಕೊಯ್ತಕ್ಕೆ ಹೋಯಿತು. ಕೆರೆದೆ, ಸಿಮೆಂಟ್ ಹಚ್ಚಿದೆ, ಹೆಬ್ಬೆರಳಿನಿಂದ ಒತ್ತಿ ಹತ್ತು ಎಣಿಸಿದೆ. ಒಂದು ದೃಶ್ಯದ ಧ್ವನಿ ಇನ್ನೊಂದರ ಮೇಲೆ ಬಿದ್ದಾಗ ಅಂಚಿನ ಗೆರೆಗೆ ಕರಿ ಮಸಿ ಬಳಿದು ಅದನ್ನು ಮುಚ್ಚುವುದು ನಮ್ಮ ಪದ್ಧತಿ. ಮಸಿಯ ಬಾಟ್ಲಿ ತೆರೆದೆ.

“ಸರ, ಅಪ್ಕೊಳ್ಳೂವಾಗ ರಾಟಿ ಸಪ್ಪಳ ಬರ್ತೈತ್ರಿ. ಮುಚ್ಚಿಬಿಡ್ಲೇನ್ರಿ?”

“ಮುಚ್ಚಬ್ಯಾಡ. ಅಣ್ಣ ಆ ಬಾವಿ ನೀರು ಸೇದಿದಾಂವ. ಅದು ಯಾ ರಾಟಿ ಅಂತ ಅವಗ ಗೊತ್ತಾಗಿರ್ತೈತಿ.”

ಬಾಟ್ಲಿಗೆ ಬಿರಡೆ ಹಾಕಿದೆ. ಮಾಳಿಗೆಯ ಮೇಲೆ ಡ್ರಿಲ್ ಮತ್ತೆ ಶುರುವಾಗಿತ್ತು, ಗೋಡೆಯ ಸುಣ್ಣ ಉದುರುತ್ತಿತ್ತು. ಅದು ರೀಲಿನ ಮೇಲೆ ಬೀಳದಂತೆ ಅಂಗೈ ಅಡ್ಡ ಹಿಡಿದೆ. ಇನ್ನೊಂದು ಕೈ ಅಭ್ಯಾಸದಂತೆ ಅಂಚಿಗೆ ಮೂರು ಗೀರು ಎಳೆಯಲು ಬ್ಲೇಡ್ ಎತ್ತಿತು. ಈ ಜಾಯಿಂಟ್ ನನ್ನದೋ ಮಾಸ್ತರರದೋ ತಿಳಿಯದೆ ಹಾಗೇ ಕೆಳಗಿಟ್ಟೆ.